ಏಡಿಗೆ ಬ್ಯಾಟರಿ

ಏಡಿ ಸೊಂಟದ ಮಟ ಕೆಸರಿನಲ್ಲಿ ಹೂತುಹೋಗಿ, ಮುಂದಿನ ಎರಡು ಕೊಂಡಿಗಳನ್ನು ಮೇಲೆತ್ತಿ, ಪೊಲೀಸರಿಗೆ ಶರಣಾದ ಕಳ್ಳನ ಹಾಗೆ ನಿಂತುಬಿಟ್ಟಿತು. ಚಕ್ರಗಳು ಮಾತ್ರ ತಿರುಗುತ್ತಲೇ ಇದ್ದವು. ಒಂದೊಂದು ಸುತ್ತಿಗೂ ಅದು ಇನ್ನೊಂದು ಅಂಗುಲ ಪಾತಾಳಕ್ಕೆ ಇಳಿಯುತ್ತಿತ್ತು. ಹೊಸಮನೆ ಬಡಾವಣೆಯ ಅರ್ಧ ಜನ ಆ ಭಾನುವಾರ ತಿಂಡಿ ಬಿಟ್ಟು ರಂಗಪ್ಪನ ಹಿತ್ತಲ ಕಾಂಪೌಂಡಿನ ಮೇಲೆ ಕೂತಿದ್ದರು. ಉಳಿದರ್ಧ ಜನಕ್ಕೆ ಕಾಂಪೌಂಡಿನಲ್ಲಿ ಜಾಗ ಸಿಕ್ಕಿರಲಿಲ್ಲ, ಅಷ್ಟೆ.

"ಹೋಯ್ತು! ಅಕ್ಕ, ನಿನ್ನ ಎಮ್ಮೆ ಕೆರೆಗೆ ಬಿತ್ತು," ಎಂದು ಮುರಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಮ್ಮೆ ಅಲ್ಲ ಕಣೋ, ಏಡಿ. ಹಲ್ಲು ಕಿಸಿಯೋದು ಬಿಟ್ಟು ಬಂದು ಎತ್ತು."

"ಎರಡೂವರೆ ಕೇಜಿ ಸೀಸ ಹೊಟ್ಟೇಲಿಟ್ರೆ ಏಡಿನೂ ಎಮ್ಮೇನೇ ಮಾರಾಯ್ತಿ."

ಯಶೋಧರಾ ಅಂದರೆ ಅಂಥಿಂಥವಳಲ್ಲ. ನೆಹರೂ ರಸ್ತೆಯ ಪಕ್ಕದ ಓಣಿಯಲ್ಲಿ, ನಿಂತವರು ಕೂರಲಾಗದ, ಕೂತವರು ಏಳಲಾಗದಷ್ಟು ಸಣ್ಣ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಬೆಸುಗೆ ಹಾಕುತ್ತಿರುವವಳು. ಹೊಳೆಗೆ ಬಿದ್ದದ್ದು, ಸಾರಿನಲ್ಲಿ ಬೆಂದದ್ದು, ಲಾರಿ ಚಕ್ರಕ್ಕೆ ಸಿಕ್ಕಿ ಚಪಾತಿಯಾದದ್ದು, ಯಾವ ಮೊಬೈಲೇ ಬರಲಿ, ಅವಳು ಮುಚ್ಚಳ ಬಿಚ್ಚಿ ಒಮ್ಮೆ ಊದಿದರೆ ಅದು ಎದ್ದು ಕೂತು ಹಲೋ ಅನ್ನುತ್ತಿತ್ತು. ತುಂಗೆಯ ಎರಡು ದಂಡೆ, ಭದ್ರೆಯ ಎರಡು ದಂಡೆ ಸೇರಿಸಿ ಹುಡುಕಿದರೂ ಅವಳಂಥ ಕೈ ಇನ್ನೊಂದಿರಲಿಲ್ಲ. ಆ ಕೈಯಿಂದ ಹುಟ್ಟಿದ್ದು ಈ ಏಡಿ. ಅಡುಗೆ ಎಣ್ಣೆಯ ಡಬ್ಬ ಅದರ ಒಡಲು. ಗುಜರಿ ಆಟೊಗಳಿಂದ ಕಿತ್ತ ವೈಪರ್ ಮೋಟರು ಅದರ ಶಕ್ತಿ. ಮಕ್ಕಳ ಸೈಕಲ್ಲಿನ ನಾಲ್ಕು ಚಕ್ರ, ಆಟದ ಕಾರಿನ ರಿಮೋಟು, ಮುಂದುಗಡೆ ಗಸಿ ಕೆದಕಲು ಎರಡು ಕಬ್ಬಿಣದ ಕೊಂಡಿ. ಹಣೆಗೆ ಒಂದು ಟಾರ್ಚು, ಅದರ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿದ ಹಳೆಯ ಮೊಬೈಲು. ಆ ಮೊಬೈಲಿನಿಂದ ತನ್ನ ಮೊಬೈಲಿಗೆ ವಿಡಿಯೋ ಕಾಲ್ ಮಾಡಿಕೊಂಡರೆ ಸಾಕು, ಏಡಿ ಕಂಡದ್ದೆಲ್ಲ ಅವಳಿಗೂ ಕಾಣುತ್ತಿತ್ತು, ಕೇಳಿದ್ದೆಲ್ಲ ಕೇಳುತ್ತಿತ್ತು.

ಇಷ್ಟೆಲ್ಲ ಸರ್ಕಸ್ಸು ಯಾಕೆಂದರೆ ಮುರಳಿ ಇನ್ನು ಗುಂಡಿಗೆ ಇಳಿಯಬಾರದು.

ಅವರಪ್ಪ ರಂಗಪ್ಪ ಇಪ್ಪತ್ತೆಂಟು ವರ್ಷ ಪಾಯಿಖಾನೆ ಗುಂಡಿಗಿಳಿದು ಬಳಿದವನು. ಈಗ ಅವನು ಕೆಮ್ಮಿದರೆ ಪಕ್ಕದ ಬೀದಿಯ ತಗಡುಗಳು ಅದುರುತ್ತಿದ್ದವು. ಮುರಳಿ ಆರು ವರ್ಷದಿಂದ ದೇವರಾಜನ ಸಕ್ಕಿಂಗ್ ಗಾಡಿಯ ಜೊತೆ ಹೋಗುತ್ತಿದ್ದ. ಗಾಡಿಯ ಪೈಪು ತೆಳ್ಳಗಿದ್ದದ್ದನ್ನೆಲ್ಲ ಹೀರಿಕೊಳ್ಳುತ್ತಿತ್ತು. ತಳದಲ್ಲಿ ಸಿಮೆಂಟಿನಂತೆ ಗಟ್ಟಿಯಾದ ಗಸಿಯನ್ನು ಒಬ್ಬ ಮನುಷ್ಯ ಇಳಿದು ಕೆದಕಿ ಪೈಪಿನ ಬಾಯಿಗೆ ತಳ್ಳಬೇಕಿತ್ತು. ಕಾನೂನಿನ ಪ್ರಕಾರ ಯಾರೂ ಇಳಿಯುವ ಹಾಗಿಲ್ಲ. ಹಾಗಂತ ಗಾಡಿಯ ಬಾಗಿಲ ಮೇಲೆಯೇ ಕೆಂಪಕ್ಷರದಲ್ಲಿ ಬರೆಸಿತ್ತು. ಮುರಳಿ ಅಂಗಿ ಬಿಚ್ಚಿ ನೇತುಹಾಕುತ್ತಿದ್ದದ್ದು ಅದೇ ಬಾಗಿಲಿಗೆ.

ಯಶೋಧರಾ ದೇವರಾಜನ ಹತ್ತಿರ ಜಗಳವಾಡಿ ಒಂದು ಮಾತು ತೆಗೆದುಕೊಂಡಿದ್ದಳು. ಬುಧವಾರ ಭದ್ರಾವತಿಯಲ್ಲಿ ಒಂದು ಗುಂಡಿ ಇದೆ; ಏಡಿ ಅದನ್ನು ಪೂರ್ತಿ ಕೆದಕಿ ತೋರಿಸಿದರೆ ಮುರಳಿಗೆ ಅವತ್ತಿನಿಂದ ಮೇಲೆ ನಿಂತು ಪೈಪು ಹಿಡಿಯುವ ಕೆಲಸ ಮಾತ್ರ. ತೋರಿಸದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು. ಏಡಿಯೇನೋ ತಯಾರಾಗಿತ್ತು. ಉಳಿದದ್ದು ಹೊಟ್ಟೆಗೇನು ಹಾಕುವುದು ಎಂಬುದೊಂದೇ.

ಮೊದಲು ಮೇಲಿನಿಂದ ವೈರು ಎಳೆದು ನೋಡಿದ್ದಳು. ತೆಳು ವೈರಿನಲ್ಲಿ ಕರೆಂಟು ಮೂವತ್ತಡಿ ನಡೆದು ಬರುವಷ್ಟರಲ್ಲಿ ಸುಸ್ತಾಗಿ ಮಲಗುತ್ತಿತ್ತು. ದಪ್ಪ ವೈರು ಕಟ್ಟಿದರೆ ಅದನ್ನು ಎಳೆಯುವುದರಲ್ಲೇ ಏಡಿಯ ಆಯುಷ್ಯ ತೀರುತ್ತಿತ್ತು. ಇವತ್ತು ಯುಪಿಎಸ್‌ನ ಸೀಸದ ಬ್ಯಾಟರಿ ಇಟ್ಟದ್ದಾಯಿತು. ಅದೂ ಈಗ ಕೆಸರಿನಲ್ಲಿ ಕೂತಿತ್ತು.

"ಸೀಸದ್ದೇ ಇರ್ಲಿ ಕಣವ್ವ," ಎಂದ ರಂಗಪ್ಪ, ಜಗಲಿಯ ಮೇಲಿಂದ. "ಅದು ಹೇಳಿ ಸಾಯುತ್ತೆ. ಮೊದ್ಲು ಲೈಟು ಹಳದಿಯಾಗುತ್ತೆ, ಆಮೇಲೆ ಮೋಟ್ರು ಗೊಣಗುತ್ತೆ, ಆಮೇಲೆ ತೆವಳುತ್ತೆ. ಅಷ್ಟರಾಗೆ ಎಳ್ಕೋಬಹುದು. ಬೇರೇವು ಹಂಗಲ್ಲ."

"ಸಾಯೋಕ್ ಮುಂಚೆ ಮುಳುಗಿದ್ರೆ ಏನ್ ಮಾಡ್ಲಪ್ಪ? ನೋಡು, ಒಂದು ಮೊಳ ಇಳಿದೈತೆ."

"ಚಕ್ರ ಅಗಲ ಮಾಡು."

"ಚಕ್ರ ಅಗಲ ಮಾಡಿದ್ರೆ ಗುಂಡಿ ಬಾಯಿ ಹಿಡಿಸಲ್ಲ."

ರಂಗಪ್ಪ ಏನೋ ಹೇಳಲು ಬಾಯಿ ತೆರೆದ. ಕೆಮ್ಮು ಬಂದು ಮಾತನ್ನು ನುಂಗಿತು.

ಅಂಗಡಿಯ ಯಜಮಾನ ಶಶಿಧರನ ಬಳಿ ಮಾತ್ರ ಲೋಕದ ಸಕಲ ಪ್ರಶ್ನೆಗಳಿಗೂ ಉತ್ತರವಿತ್ತು. ಸೋಮವಾರ ಅವಳು ಪ್ರಶ್ನೆ ಮುಗಿಸುವ ಮೊದಲೇ ಅವನು ಮೇಜಿನ ಕೆಳಗಿಂದ ಒಂದು ಗೋಣಿಚೀಲ ಎಳೆದು ಸುರಿದ. ಸತ್ತ ಲ್ಯಾಪ್‌ಟಾಪುಗಳ ಬ್ಯಾಟರಿಗಳು. ಒಂದೊಂದರ ಒಳಗೂ ಬೆರಳುದ್ದದ ಆರಾರು ಲಿಥಿಯಂ ಸೆಲ್ಲು.

"ಎಮ್ಮೆ ತೆಗಿ, ಚಿರತೆ ಹಾಕು," ಎಂದ. "ಇಂಥ ಹನ್ನೆರಡು ಕಟ್ಟಿದ್ರೆ ಅರ್ಧ ಕೇಜಿ. ನಿನ್ನ ಏಡಿ ಕೆಸರಿನ ಮೇಲೆ ಓಡಲ್ಲ, ಹಾರುತ್ತೆ. ಆದ್ರೆ ಇದಕ್ಕೆ ಕೋಪ ಜಾಸ್ತಿ ಕಣಮ್ಮ. ಹದ್ದು ಮೀರಿ ಎಳೆದ್ರೆ ಬೆಂಕಿ. ಪ್ರೊಟೆಕ್ಷನ್ ಬೋರ್ಡ್ ಇಲ್ದೆ ಮಾತ್ರ ಕಟ್ಟಬೇಡ."

"ಬೋರ್ಡು ಹಾಕಿದ್ರೆ ಮಧ್ಯದಲ್ಲಿ ಕಟ್ ಆಗುತ್ತಲ್ಲಣ್ಣ."

"ಆಗ್ಲೇಬೇಕು! ಅದು ನನ್ನ ಹೆಂಡ್ತಿ ಇದ್ದಂಗೆ. ಜಾಸ್ತಿ ಎಳೆದ್ರೆ ಫಟ್ ಅಂತ ಬಾಗ್ಲು ಹಾಕ್ಕೊಳುತ್ತೆ, ಗೋಗರೆದ್ರೂ ತೆಗೆಯಲ್ಲ. ನೀನೇ ಸ್ವಿಚ್ಚು ಆರಿಸಿ, ಒಂದು ಗಳಿಗೆ ಸುಮ್ನಿದ್ದು, ಮತ್ತೆ ಹಾಕಿದ್ರೆ ತೆಗೆಯುತ್ತೆ."

"ಅತ್ತಿಗೆ ಬಾಗ್ಲು ಹಾಕ್ಕೊಳೋದು ಯಾಕೆ ಅಂತ ಈಗ ಗೊತ್ತಾಯ್ತು," ಎಂದಳು ಯಶೋಧರಾ.

ಎರಡು ದಿನ ಊಟದ ಬಿಡುವನ್ನೆಲ್ಲ ಅದಕ್ಕೇ ಸುರಿದಳು. ನಲವತ್ತೆರಡು ಸೆಲ್ಲುಗಳನ್ನು ಬಿಚ್ಚಿ, ಒಂದೊಂದನ್ನೂ ಮೀಟರಿಗೆ ಹಿಡಿದು, ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಕುಂದು ಹುಡುಕಿ, ಕೊನೆಗೆ ಹನ್ನೆರಡನ್ನು ಒಪ್ಪಿಕೊಂಡಳು. ಬೋರ್ಡು ಹಾಕಿ, ಟೇಪು ಸುತ್ತಿ, ಡಬ್ಬದೊಳಗಿಟ್ಟು ನೀರು ಹೋಗದ ಹಾಗೆ ಮೆತ್ತಿದಳು. ಏಡಿಯ ಬೆನ್ನ ಮೇಲೆ ರಬ್ಬರಿನ ಟೊಪ್ಪಿಗೆಯ ಕೆಂಪು ಸ್ವಿಚ್ಚು ಕೂತಿತು.

ಮಂಗಳವಾರ ಸಂಜೆ ಹಿತ್ತಲಿನಲ್ಲಿ ಏಡಿ ಓಡಿದ್ದನ್ನು ಕಂಡವರು ಇವತ್ತಿಗೂ ಹೇಳುತ್ತಾರೆ, ಜಿಂಕೆ ಹಾಗೆ ಓಡಿತು ಅಂತ. ಕೆಲವರು ಅದು ಬೆಂಡೆಗಿಡ ಹಾರಿತು ಅಂತಲೂ ಹೇಳುತ್ತಾರೆ. ಕೆಸರನ್ನು ಗೀರಿತು, ಇಟ್ಟಿಗೆ ಚೂರುಗಳನ್ನು ತಳ್ಳಿತು, ಬಚ್ಚಲ ಕಾಲುವೆಗಿಳಿದು ಆಚೆ ಹತ್ತಿತು. ನಡುನಡುವೆ ಕೊಂಡಿ ಎಲ್ಲಾದರೂ ಸಿಕ್ಕಿ ಮೋಟರು ಬಿಗಿದಾಗ ಫಕ್ಕನೆ ನಿಂತುಬಿಡುತ್ತಿತ್ತು. ಆಗ ಮುರಳಿ ಬಗ್ಗಿ, ಕಾಲಿನಿಂದ ಅಡ್ಡಿ ಸರಿಸಿ, ಸ್ವಿಚ್ಚು ಆರಿಸಿ, ಮತ್ತೆ ಹಾಕಿ, ಕರುವಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದ. ಆರು ಸಲ ನಿಂತಿತು, ಆರು ಸಲವೂ ತಟ್ಟಿದ.

"ಈಗ್ಯಾಕೆ ನಿಲ್ತು?" ರಂಗಪ್ಪ ಜಗಲಿಯಿಂದ ಕೇಳಿದ.

"ಏನಿಲ್ಲಪ್ಪ, ಬರೀ ಸ್ವಿಚ್ಚು," ಎಂದಳು.

ಮುರಳಿ ಏಡಿಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದ. ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಬುಧವಾರ ಅಕ್ಕ ತಮ್ಮ ಭದ್ರಾವತಿಯ ಬಸ್ಸು ಹತ್ತಿದರು. ತೊಡೆಯ ಮೇಲಿನ ಗೋಣಿಚೀಲ ನೋಡಿ ಕಂಡಕ್ಟರು ಹುಬ್ಬೇರಿಸಿದ. "ಏನಮ್ಮ ಅದು, ಕೋಳಿನಾ?"

"ಏಡಿ," ಎಂದ ಮುರಳಿ.

"ಸತ್ತಿರೋದಾ, ಬದುಕಿರೋದಾ?"

"ಸ್ವಿಚ್ ಹಾಕಿದ್ರೆ ಬದುಕಿರೋದು ಸಾರ್."

ಕಂಡಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ ಎರಡು ಟಿಕೆಟ್ಟು ಹರಿದುಕೊಟ್ಟು ಮುಂದೆ ಹೋದ. ಮುರಳಿ ಕಿಟಕಿಗೆ ತಲೆ ಕೊಟ್ಟು, "ಅಕ್ಕ, ನಾಳೆಯಿಂದ ನಾನು ಸೆಂಟು ಹಾಕ್ಕೊಂಡೇ ಕೆಲಸಕ್ಕೆ ಹೋಗೋದು," ಎಂದ. "ಮೇಲೆ ನಿಂತ್ಕೊಂಡು ಪೈಪು ಹಿಡಿಯೋನಿಗೆ ವಾಸನೆ ಹೊಡೆಯಲ್ವಲ್ಲ." ಆರು ವರ್ಷದಲ್ಲಿ ಅವನು ತನ್ನ ವಾಸನೆಯ ಮಾತೆತ್ತಿದ್ದು ಅದೇ ಮೊದಲು. ಅವಳು ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಹಳೇನಗರದ ಆ ಓಣಿ ಎಷ್ಟು ಇಕ್ಕಟ್ಟೆಂದರೆ ಎದುರು ಬದುರಾದ ಇಬ್ಬರಲ್ಲಿ ಒಬ್ಬರು ಉಸಿರು ಬಿಟ್ಟರೆ ಇನ್ನೊಬ್ಬರು ಎಳೆದುಕೊಳ್ಳಬೇಕಿತ್ತು. ದೇವರಾಜ ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಪೈಪನ್ನು ಒಳಗೆ ಎಳೆದಿದ್ದ. ಓಣಿಯ ಕೊನೆಗೆ ಸುಭದ್ರಮ್ಮನ ವಠಾರ: ಎಂಟು ಮನೆ, ಅಂಗಳದ ನಡುವೆ ಒಂದೇ ಗುಂಡಿ. ಸುಭದ್ರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಏಡಿಯನ್ನು ಸುತ್ತು ಹಾಕಿದಳು.

"ಇದೇನಪ್ಪ ಇದು, ಎಣ್ಣೆ ಡಬ್ಬಕ್ಕೆ ಕಾಲು ಬಂದೈತೆ! ಇದು ಕೆಲಸ ಮಾಡುತ್ತಾ, ಇಲ್ಲ ನಾಟಕ ಆಡುತ್ತಾ?"

"ಮಾಡುತ್ತಮ್ಮ. ನಾಟಕಕ್ಕೆ ಇವನು ಇದ್ದಾನಲ್ಲ," ಎಂದು ಯಶೋಧರಾ ತಮ್ಮನ ಕಡೆ ಕೈ ತೋರಿಸಿದಳು.

ಗುಂಡಿಯ ಬಾಯಿ ಎರಡಡಿ ಉದ್ದ, ಎರಡಡಿ ಅಗಲ. ಆಳ ಒಂಬತ್ತಡಿ. ಇದರಲ್ಲಿ ಒಂದಂಗುಲವೂ ಹೆಚ್ಚು ಮಾಡಿ ಹೇಳಿದ್ದಿಲ್ಲ. ಒಳಗೆ ಎರಡು ಅಂಕಣ, ನಡುವೆ ಅಡ್ಡಗೋಡೆ, ಗೋಡೆಯ ಬುಡದಲ್ಲಿ ಒಬ್ಬ ಮನುಷ್ಯ ತೆವಳಿ ಹೋಗುವಷ್ಟು ಕಂಡಿ. ಎರಡನೇ ಅಂಕಣಕ್ಕೂ ಹಿಂದೆ ಒಂದು ಬಾಯಿ ಇತ್ತಂತೆ. ಅದರ ಮೇಲೆ ಈಗ ಬಚ್ಚಲುಮನೆ ಎದ್ದಿತ್ತು.

ಪೈಪು ಒಂದು ಗಂಟೆ ಹೀರಿತು. ಆಮೇಲೆ ಮುರಳಿ ಅಪ್ಪ ಕಲಿಸಿದ್ದಂತೆ ಲಾಟೀನು ಹೊತ್ತಿಸಿ ಹಗ್ಗ ಕಟ್ಟಿ ಇಳಿಸಿದ. ಗುಂಡಿಯವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಪರೀಕ್ಷೆ ಅದು: ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಉರಿದರೆ ಮನುಷ್ಯನೂ ಇಳಿಯಬಹುದು. ದೀಪ ಅಲುಗದೆ ಉರಿಯಿತು. ಏಡಿಗೆ ಅದರ ಅಗತ್ಯವಿರಲಿಲ್ಲ, ಆದರೂ ಅವನ ಕೈ ಅಭ್ಯಾಸ ಬಿಡಲಿಲ್ಲ.

ಏಡಿ ಹಗ್ಗದಲ್ಲಿ ಇಳಿಯಿತು. ಯಶೋಧರಾ ಕಟ್ಟೆಯ ಮೇಲೆ ಕೂತು, ಒಂದು ಕೈಯಲ್ಲಿ ಮೊಬೈಲು, ಒಂದು ಕೈಯಲ್ಲಿ ರಿಮೋಟು ಹಿಡಿದಳು. ಪರದೆಯ ಮೇಲೆ ಕಪ್ಪು ಗೋಡೆ ಕಂಡಿತು, ಬಿರುಕು ಬಿಟ್ಟ ಗಸಿ ಕಂಡಿತು. ಕೊಂಡಿಗಳು ಗಸಿಯನ್ನು ಕಚ್ಚಿದವು, ಒಡೆದವು, ಪೈಪಿನ ಬಾಯಿಗೆ ತಳ್ಳಿದವು. ಕೆದಕಿದ ಕಡೆಯೆಲ್ಲ ಗಸಿಯಡಿ ಕೂತಿದ್ದ ಗಾಳಿಯ ಗುಳ್ಳೆಗಳು ಎದ್ದು ಟಾರ್ಚಿನ ಬೆಳಕಿನಲ್ಲಿ ಬಣ್ಣಬಣ್ಣವಾಗಿ ಹೊಳೆದು ಒಡೆಯುತ್ತಿದ್ದವು. ಮೊದಲ ಅಂಕಣ ನಲವತ್ತು ನಿಮಿಷದಲ್ಲಿ ಬರಿದಾಯಿತು. ಮುರಳಿ ಅಂಗಳದ ನಡುವೆ, ಒಗೆದ ಬಿಳಿ ಅಂಗಿ ತೊಟ್ಟು, ಸೊಂಟದ ಮೇಲೆ ಕೈಯಿಟ್ಟು, ಜಮೀನ್ದಾರನ ಹಾಗೆ ನಿಂತಿದ್ದ.

"ಹುಲಿ ಕಣಮ್ಮ ನೀನು," ಎಂದ ದೇವರಾಜ, ನಿಜವಾಗಿಯೇ. "ಆ ಕಡೆ ಅಂಕಣ ಒಂದು ಮುಗಿಸಿಬಿಡು. ಆಮೇಲೆ ನನ್ನ ಮಾತು ನಾನು ಉಳಿಸ್ಕೋತೀನಿ."

ಏಡಿ ಕಂಡಿಯಲ್ಲಿ ನುಸುಳಿ ಆ ಕಡೆಗೆ ಹೋಯಿತು. ಎರಡು ಮಾರು ಹೋಗಿರಬಹುದು. ಪರದೆಯ ಚಿತ್ರ ಒಮ್ಮೆ ಅಲುಗಿ ನಿಂತಿತು. ಅವಳು ಮುಂದಕ್ಕೆ ಒತ್ತಿದಳು, ಹಿಂದಕ್ಕೆ ಒತ್ತಿದಳು. ಮೋಟರಿನ ಸದ್ದೇ ಇಲ್ಲ. ದೇವರಾಜ ಹಗ್ಗ ಎಳೆದ. ಹಗ್ಗ ಕಂಡಿಯ ಅಂಚಿಗೆ ಕಚ್ಚಿಕೊಂಡು ಬಿಗಿಯಿತೇ ಹೊರತು ಬರಲಿಲ್ಲ.

"ಏನಾಯ್ತು?" ಎಂದ.

"ಏನಿಲ್ಲ, ಬರೀ ಸ್ವಿಚ್ಚು," ಎಂದಳು.

ಹೇಳಿ ತಲೆ ಎತ್ತಿದಾಗ ಮುರಳಿ ಪ್ಯಾಂಟು ಮಡಚುತ್ತಿದ್ದ.

"ಲೇ, ಬೇಡ."

"ಎರಡು ನಿಮಿಷ ಅಕ್ಕ."

"ಬೇಡ ಅಂದ್ನಲ್ಲ. ಇದು ಹಿತ್ತಲಲ್ಲ ಕಣೋ. ಹೋದ್ರೆ ಹೋಗ್ಲಿ, ಇನ್ನೊಂದು ಕಟ್ತೀನಿ."

"ಇನ್ನೊಂದು ಕಟ್ಟೋವರೆಗೆ ಯಾರು ಇಳೀಬೇಕು? ನಾನೇ ತಾನೆ?" ಅವನು ತಲೆಗೆ ಟಾರ್ಚಿನ ಪಟ್ಟಿ ಬಿಗಿದುಕೊಂಡ. "ಇವತ್ತು ಇದು ಅಲ್ಲೇ ನಿಂತ್ರೆ ದೇವಣ್ಣ ದಿನಾ ನನ್ನನ್ನೇ ಇಳಿಸ್ತಾನೆ. ಇವತ್ತೊಂದು ಸಲ ಇಳಿದ್ರೆ ಮುಗೀತು. ದೀಪ ಉರೀಲಿಲ್ವಾ? ನೀನೇ ನೋಡಿದ್ಯಲ್ಲ."

ದೇವರಾಜ ಗಾಡಿಯ ಕಡೆ ನೋಡುತ್ತಿದ್ದ. ಯಶೋಧರೆಯ ಕೈ ತಮ್ಮನ ತೋಳಿನ ಮೇಲಿತ್ತು. ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ಅವಳಿಗೆ ಒಂದು ಗಳಿಗೆ ಸಾಲಲಿಲ್ಲ. ಕೈ ತೆಗೆದಳು.

ಅವನು ಇಳಿದ. ಕಂಡಿಯಲ್ಲಿ ತೆವಳುವ ಸದ್ದು ಮೊಬೈಲಿನಲ್ಲಿ ಕೇಳಿತು. ಆಮೇಲೆ ಪರದೆಯ ತುಂಬ ಅವನ ಮುಖ, ಹಣೆಯ ಮೇಲೆ ಬೆಳಕು.

"ಅಕ್ಕ, ಕಾಣ್ತೀನಾ?"

"ಕಾಣ್ತೀಯ. ಬೇಗ ಬಾ."

"ಚಕ್ರಕ್ಕೆ ಯಾರದೋ ಲಂಗ ಸುತ್ಕೊಂಡೈತೆ. ಇರು." ಬಟ್ಟೆ ಹರಿಯುವ ಸದ್ದು. "ಕೊಳೆತ ಮೊಟ್ಟೆ ಇದ್ದಂಗೆ ಹೊಡೀತಿತ್ತು, ಈಗ ಅದೂ ಇಲ್ಲ ನೋಡು. ವಾಸನೆನೇ ಹೋಯ್ತು."

"ಸ್ವಿಚ್ ಹಾಕಿ ಬಾರೋ."

"ಹಾಕ್ದೆ." ಮೋಟರು ಗುಂಯ್ ಎಂದಿತು. ಡಬ್ಬದ ಬೆನ್ನನ್ನು ಅಂಗೈಯಿಂದ ತಟ್ಟಿದ ಸದ್ದು ಎರಡು ಸಲ ಕೇಳಿತು. "ನಡಿ ಕರು, ಮುಂದೆ ನಡಿ. ನಾನು ಹಿಂದೆ ಬರ್ತೀನಿ."

ಅವಳು ಏಡಿಯನ್ನು ಕಂಡಿಯ ಕಡೆ ತಿರುಗಿಸಿದಳು. ಅವನ ಮುಖ ಪರದೆಯಿಂದ ಸರಿದು ಗೋಡೆ ಬಂತು, ಕಂಡಿ ಬಂತು, ಕಂಡಿಯಾಚೆಗಿನ ಹಗಲು ಬಂತು. ಹಿಂದೆ ಅಕ್ಕಿಮೂಟೆ ಇಳಿಸಿದಂಥ ಒಂದು ಸದ್ದಾಯಿತು.

"ಮುರಳಿ?"

ಮೋಟರಿನ ಸದ್ದು.

"ಮುರಳಿ, ಲೇ. ಆಟ ಆಡಬೇಡ."

ಏಡಿಯನ್ನು ಹಿಂದಕ್ಕೆ ತಿರುಗಿಸಿದಳು. ತಲೆಯ ಟಾರ್ಚು ಗಸಿಯಲ್ಲಿ ಓರೆಯಾಗಿ ಬಿದ್ದು ಗೋಡೆಯನ್ನು ಬೆಳಗುತ್ತಿತ್ತು. ಅದರ ಪಕ್ಕದಲ್ಲಿ ಬಿಳಿ ಅಂಗಿಯ ಬೆನ್ನು. ಮುಖ ಕೆಳಗಿತ್ತು.

ಅವಳು ಕೂಗಿದಳೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ದೇವರಾಜ ಒದ್ದೆ ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡು ಇಳಿದದ್ದು, ಕುತ್ತಿಗೆ ಮಟ ಒಳಗೆ ಹೋಗುವಷ್ಟರಲ್ಲಿ ಕಣ್ಣು ಮೇಲಾಗಿ ಕೈ ಚಾಚಿದ್ದು, ವಠಾರದವರು ಅವನನ್ನು ಎಳೆದು ಹಾಕಿದ್ದು, ಅವನು ಅಂಗಳದಲ್ಲಿ ಕಕ್ಕಿದ್ದು ಎಲ್ಲ ಅವಳ ಬೆನ್ನ ಹಿಂದೆ ನಡೆಯಿತು. ಅವಳು ಪರದೆ ನೋಡುತ್ತ ಏಡಿಯನ್ನು ತಮ್ಮನ ಹತ್ತಿರಕ್ಕೆ ನಡೆಸುತ್ತಿದ್ದಳು. ಕೊಂಡಿಯನ್ನು ಅಂಗಿಯ ಕೊರಳಪಟ್ಟಿಗೆ ಸಿಕ್ಕಿಸಿದಳು. ಹಿಂದಕ್ಕೆ ಒತ್ತಿದಳು. ಚಕ್ರಗಳು ಗಸಿಯ ಮೇಲೆ ತಿರುಗಿದವು, ಜಾರಿದವು, ತಿರುಗಿದವು. ಎಳೆಯಲು ಭಾರ ಬೇಕು. ಏಡಿ ಹಗುರವಾಗಿತ್ತು. ಈ ಸಲ ಬ್ಯಾಟರಿ ನಿಲ್ಲಲಿಲ್ಲ.

"ಹಗ್ಗ ಎಳೀರಿ! ಹಗ್ಗ ಎಳೀರಿ!" ಎಂದಳು. ನಾಲ್ಕು ಜನ ಎಳೆದರು. ಪರದೆಯಲ್ಲಿ ಅಂಗಿ ಬಿಗಿಯಿತು, ಬೆನ್ನು ಒಂದು ಗೇಣು ಸರಿಯಿತು. ಆಮೇಲೆ ಬಟ್ಟೆ ಹರಿದು, ಏಡಿಯೊಂದೇ ಕಂಡಿಯಲ್ಲಿ ನುಸುಳಿ, ಗೋಡೆಗೆ ಬಡಿಯುತ್ತ ಮೇಲೆ ಬಂತು. ಎಳೆದವರು ಅದನ್ನು ಅಂಗಳಕ್ಕೆ ಎಸೆದರು.

ಅವಳು ಗುಂಡಿಯ ಬಾಯಿಗೆ ಕಾಲಿಟ್ಟಾಗ ಸುಭದ್ರಮ್ಮ ಹಿಂದಿನಿಂದ ಸೊಂಟ ಹಿಡಿದುಕೊಂಡಳು. ಇನ್ನಿಬ್ಬರು ಹೆಂಗಸರು ಕೈ ಹಿಡಿದರು. "ಬೇಡ ಕಣವ್ವ, ನೀನೂ ಬೇಡ ಕಣವ್ವ," ಎಂದು ಸುಭದ್ರಮ್ಮ ಅವಳ ಕಿವಿಯಲ್ಲೇ ಹೇಳುತ್ತಿದ್ದಳು. ಯಾರೋ ಫೈರಿನವರಿಗೆ ಫೋನು ಮಾಡಿ ಓಣಿಯ ಗುರುತು ಹೇಳುತ್ತಿದ್ದರು, ಮತ್ತೆ ಮತ್ತೆ ಹೇಳುತ್ತಿದ್ದರು. ಗಾಡಿ ರಸ್ತೆಯಲ್ಲಿ ಅಡ್ಡ ನಿಂತಿದೆ, ಅದನ್ನು ತೆಗೆಯಬೇಕು ಎಂದು ಇನ್ಯಾರೋ ಬೀಗದ ಕೈ ಕೇಳುತ್ತಿದ್ದರು.

ಹೆಂಗಸರು ಅವಳನ್ನು ಕಟ್ಟೆಯ ಮೇಲೆ ಕೂರಿಸಿದರು. ಮೊಬೈಲು ಇನ್ನೂ ಅವಳ ಕೈಯಲ್ಲೇ ಇತ್ತು. ಏಡಿ ಅಂಗಳದಲ್ಲಿ ಹಣೆ ಮೇಲಾಗಿ ಬಿದ್ದಿತ್ತು. ಹಾಗಾಗಿ ಪರದೆಯ ತುಂಬ ಆಕಾಶ. ಎರಡು ಸೂರುಗಳ ನಡುವಿನ ನೀಲಿ ಪಟ್ಟಿ, ಅದರ ಅಡ್ಡಕ್ಕೆ ಒಂದು ತಂತಿ, ತಂತಿಯ ಮೇಲೆ ಯಾರದೋ ಹಳದಿ ಸೀರೆ ಗಾಳಿಗೆ ಉಬ್ಬುತ್ತ ಇಳಿಯುತ್ತ ಒಣಗುತ್ತಿತ್ತು.

ಆ ಸೀರೆಯ ಮೇಲೆ 'ಅಪ್ಪ' ಎಂಬ ಹೆಸರು ಮೂಡಿತು. ಮೊಬೈಲು ಅಂಗೈಯಲ್ಲಿ ನಡುಗಿತು. ಅಪ್ಪನ ಕರೆ ಎತ್ತಬೇಕಾದರೆ ಏಡಿಯ ಕರೆ ಬಿಡಬೇಕಿತ್ತು. ಹಸಿರು ಗುಂಡಿಯ ಮೇಲೆ ಅವಳ ಹೆಬ್ಬೆರಳು ನಿಂತೇ ಇತ್ತು. ಹೆಸರು ಮಾಸಿತು. ಸೀರೆ ಒಮ್ಮೆ ಉಬ್ಬಿ ಇಳಿಯಿತು. ಹೆಸರು ಮತ್ತೆ ಮೂಡಿತು.